ನಕ್ಷೆಯಲ್ಲಿರುವ ಗೇಟು ನೆಲದ ಮೇಲೆ ಯಾವಾಗ ಬರುತ್ತದೆ?

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಮೂರನೇ ಸೆಕ್ಟರಿನ ಪಾದಚಾರಿ ಗೇಟು, ಮಳೆನೀರು ಚರಂಡಿ, ಸಮುದಾಯ ಭವನದ ರ‍್ಯಾಂಪ್ ಕುರಿತು ನಾಲ್ಕನೆಯ ಪತ್ರ

ಮಾನ್ಯರೇ,

ಇದೇ ವಿಷಯಕ್ಕೆ ಮೂರು ಪತ್ರ ಬರೆದಾಗಿದೆ. ಫೋನಿನ ಲೆಕ್ಕ ಇಟ್ಟಿಲ್ಲ. ‘ನಿಮ್ಮ ದೂರು ದಾಖಲಾಗಿದೆ’ ಎಂಬ ಮೆಸೇಜು ಮಾತ್ರ ಒಂದು ಸಲವೂ ತಪ್ಪಿಲ್ಲ. ಅದನ್ನು ಕಳಿಸುವವರಿಗೆ ನಮ್ಮ ವಂದನೆ ತಿಳಿಸಿ.

ನಿಮ್ಮ ಮಾರಾಟ ಪುಸ್ತಿಕೆಯ ಎರಡನೇ ಪುಟದಲ್ಲಿ 1929ರಲ್ಲಿ ಅಮೆರಿಕದ ನಗರ ಯೋಜಕ ಕ್ಲಾರೆನ್ಸ್ ಪೆರಿ ಮುಂದಿಟ್ಟ ನೆರೆಹೊರೆ ಘಟಕದ ಚಿತ್ರವಿದೆ. ಅಚ್ಚು ಹಾಕಿಸಿದವರು ಓದಿಯೂ ಇದ್ದೀರಿ ಎಂದುಕೊಳ್ಳುತ್ತೇವೆ. ನಡುವೆ ಶಾಲೆ, ಕಾಲು ಮೈಲಿ ಅಂದರೆ ಸುಮಾರು 400 ಮೀಟರ್ ದೂರದೊಳಗೆ ಮನೆಗಳು, ದೊಡ್ಡ ರಸ್ತೆಗಳು ಅಂಚಿನಲ್ಲಿ. ಶಾಲೆಗೆ ಹೋಗುವ ಮಗು ದೊಡ್ಡ ರಸ್ತೆಗೆ ಇಳಿಯಲೇಬಾರದು, ಅದೇ ಅದರ ತಿರುಳು. ಮಂಜೂರಾದ ನಕ್ಷೆಯಲ್ಲಿ ಇದಕ್ಕೆಂದೇ ಪೂರ್ವದ ಗೋಡೆಯಲ್ಲಿ 2 ಮೀಟರ್ ಅಗಲದ ಗೇಟು ತೋರಿಸಿದ್ದೀರಿ. ಕಟ್ಟಿದ್ದು ಗೋಡೆ ಮಾತ್ರ. ಈಗ ಮಕ್ಕಳು ಮುಖ್ಯ ದ್ವಾರದಿಂದ ಹೊರಬಿದ್ದು, ಲಾರಿ ಓಡಾಡುವ ರಸ್ತೆಯ ಬದಿ ಹಿಡಿದು ಸುತ್ತಿ ಹೋಗಬೇಕು. ಅಳತೆ ಚಕ್ರ ಉರುಳಿಸಿ ನೋಡಿದೆವು: 1,150 ಮೀಟರ್.

ಇದನ್ನು ಹೇಳಲು ಕಳೆದ ಸೋಮವಾರ ನಿಮ್ಮ ಕಚೇರಿಗೆ ಬಂದಿದ್ದೆವು. ಟೋಕನ್ 14. ಕೌಂಟರಿನಲ್ಲಿದ್ದವರು ನಕ್ಷೆಯನ್ನು ತಮ್ಮ ಕಡೆ ಎಳೆದುಕೊಂಡು, ಡ್ರಾಯರಿನಿಂದ ಪ್ಲಾಸ್ಟಿಕ್ ಸ್ಕೇಲು ತೆಗೆದು, ಅಂಗಿಯ ತೋಳಿಗೆ ಒರೆಸಿ, ನಮ್ಮ ಬೀದಿಯಿಂದ ಶಾಲೆಗೆ ನೇರ ಇಟ್ಟರು. “380. ಇನ್ನೂ 20 ಮೀಟರ್ ಲಾಭ ನಿಮಗೆ.” ಸ್ಕೇಲು ಗೋಡೆ ದಾಟಿ ಹೋಗಿದೆ ಎಂದೆವು. “ಗೇಟಿದೆಯಲ್ಲ ಇಲ್ಲಿ.” ಕಾಗದದಲ್ಲಿದೆ, ನೆಲದ ಮೇಲಿಲ್ಲ ಎಂದೆವು. “ನಕ್ಷೆಯಲ್ಲಿದ್ದರೆ ಇದ್ದ ಹಾಗೇನೇ.” ಬಂದು ನೋಡಿ ಎಂದೆವು. “ನೀವೇನು ಇಂಜಿನಿಯರಾ?” ನಮ್ಮಲ್ಲಿ ಒಬ್ಬರು ಹೌದು ಎಂದರು. “ಮತ್ತೆ ನಕ್ಷೆ ಓದೋಕೆ ಬರೋದಿಲ್ವಾ?” ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಕೊನೆಗೆ ಕೈಗೊಂದು ಫಾರಂ ಕೊಟ್ಟರು: ‘ಹೊಸ ಸೌಲಭ್ಯಕ್ಕಾಗಿ ಕೋರಿಕೆ’. ಹಣ ಕಟ್ಟಿಸಿಕೊಂಡ ಗೇಟನ್ನು ಹೊಸದಾಗಿ ಬೇಡಿಕೊಳ್ಳಬೇಕಂತೆ! ರೆಕ್ಕೆ ಇದ್ದವರಿಗೆ 380 ಮೀಟರ್ ಸರಿಯಾದ ಲೆಕ್ಕವೇ. ಶಾಲೆಗೆ ಸೇರಿಸಿರುವುದು ಮಕ್ಕಳನ್ನು.

ಚರಂಡಿಯ ಕಥೆಯೂ ಅಷ್ಟೇ. 7 ಮೀಟರ್ ಅಗಲದ ಒಳರಸ್ತೆಗೆ ಪಶ್ಚಿಮದತ್ತ ಶೇ. 2.5ರ ವಾಟ ಕೊಟ್ಟಿದ್ದೀರಿ, ಅಂದರೆ ಅಂಚಿನಿಂದ ಅಂಚಿಗೆ 17.5 ಸೆಂ.ಮೀ. ಇಳಿತ. ವಾಟ ಚೆನ್ನಾಗಿದೆ. ನೀರು ಒಳಗೆ ಹೋಗುವ ಜಾಲರಿಗಳನ್ನು ಮಾತ್ರ ಪೂರ್ವದಲ್ಲಿ, ಎತ್ತರದ ಬದಿಗೆ ಕೂರಿಸಿದ್ದೀರಿ. ನೀರಿಗೂ ನಕ್ಷೆ ಓದಲು ಬರುವುದಿಲ್ಲ, ಅದು ಪಶ್ಚಿಮದ ಮನೆಗಳ ಮೆಟ್ಟಿಲಿಗೇ ಹೋಗುತ್ತದೆ. ರಸ್ತೆ ಪೂರ್ತಿ ಅಗೆಯಬೇಕಿಲ್ಲ: ತಗ್ಗಿನ ಬದಿಯ ಅಂಚುಕಲ್ಲು ಕತ್ತರಿಸಿ, ಹೂಳು ನಿಲ್ಲುವಷ್ಟು ಆಳದ ಗುಂಡಿ ಕಟ್ಟಿ, ರಸ್ತೆಯಡಿ ಅಡ್ಡಪೈಪು ಹಾಯಿಸಿ ಪೂರ್ವದ ಹಳೆಯ ಚರಂಡಿ ಸಾಲಿಗೆ ಸೇರಿಸಿದರಾಯಿತು. ಪೈಪಿಗೆ ಪೂರ್ವದತ್ತ ವಾಟ ಕೊಡಿ. ಇದನ್ನೂ ಹೇಳಬೇಕಾಗಿ ಬಂದಿದೆ.

ಸಮುದಾಯ ಭವನದ ಜಗಲಿ 45 ಸೆಂ.ಮೀ. ಎತ್ತರವಿದೆ. 12ಕ್ಕೆ 1ರ ಲೆಕ್ಕದಲ್ಲಿ, ಅಂದರೆ 12 ಮೀಟರ್ ಉದ್ದಕ್ಕೆ 1 ಮೀಟರ್ ಏರು, ರ‍್ಯಾಂಪ್ 5.4 ಮೀಟರ್ ಉದ್ದವಿರಬೇಕು. ನೀವು ಕಟ್ಟಿರುವುದು 1.8 ಮೀಟರ್, ಅಂದರೆ 4ಕ್ಕೆ 1. ಅದರ ಮೇಲೆ ಗಾಲಿಕುರ್ಚಿ ಹತ್ತುವುದಿಲ್ಲ. ಇಳಿಯುವುದೇನೋ ಇಳಿಯುತ್ತದೆ, ಕೂತವರ ಒಪ್ಪಿಗೆ ಕೇಳದೆ. ಎದುರಿಗೆ ಜಾಗ ಸಾಲದಿದ್ದರೆ ನಡುವೆ 1.5 ಮೀಟರ್ ಸಮತಟ್ಟು ಬಿಟ್ಟು ತಿರುಗಿಸಿ ಕಟ್ಟಿ.

ಗೇಟಿಗೆ ಬಂದರೆ, ಗೋಡೆಯ ಎರಡು ಕಂಬಗಳ ನಡುವಿನ ಭಾಗವನ್ನಷ್ಟೇ ತೆಗೆಯಿರಿ, ಕಂಬ ಮುಟ್ಟಬೇಡಿ. ಎರಡೂ ಬದಿಯ ನೆಲ ಸಮ ಮಾಡಿ. ಬೈಕು ನುಗ್ಗುತ್ತದೆಂದು ಸುತ್ತುಗೇಟು ಹಾಕಿದರೆ ಗಾಲಿಕುರ್ಚಿಯೂ ಹೊರಗೇ ಉಳಿಯುತ್ತದೆ.

ಹದಿನೈದು ದಿನ ಕಾಯುತ್ತೇವೆ. ಆಮೇಲೆ ನಿರ್ವಹಣಾ ಶುಲ್ಕ ನಿಮಗೆ ಬರುವುದಿಲ್ಲ, ‘ಪಾವತಿಸಲಾಗಿದೆ’ ಎಂದು ಕಾಗದದಲ್ಲಿ ಬರೆದುಕೊಡುತ್ತೇವೆ. ಕಾಗದದಲ್ಲಿದ್ದರೆ ಇದ್ದ ಹಾಗೇ ತಾನೇ? ನಾಲ್ಕನೇ ಸೆಕ್ಟರಿನ ಸೈಟು ನೋಡಲು ಬರುವವರನ್ನೆಲ್ಲ ನಿಮ್ಮ ಮಾರಾಟ ಕಚೇರಿಯ ಬಾಗಿಲಲ್ಲೇ ಮಾತಾಡಿಸಿ, ಅಳತೆ ಚಕ್ರ ಕೈಗೆ ಕೊಟ್ಟು, ಶಾಲೆಯವರೆಗೆ ನಡೆಸಿಕೊಂಡು ಹೋಗುತ್ತೇವೆ. ಪೂರಾ 1,150 ಮೀಟರ್.

ಇಂತಿ,
ಮೂರನೇ ಸೆಕ್ಟರಿನ ನಿವಾಸಿಗಳು

ಲಗತ್ತು: ನೀವು ಕೊಟ್ಟ ಫಾರಂ, ಖಾಲಿ.