ಮಂಡಗದ್ದೆಗೆ ಮಕ್ಕಳನ್ನು ಕರೆದೊಯ್ಯುವ ಮುಂಚೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ವಂದನೆಗಳು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಚರ್ಚಿನಲ್ಲಿ ಸೃಷ್ಟಿಯ ಕಾಲ (ಪ್ರಕೃತಿಗಾಗಿ ಪ್ರಾರ್ಥಿಸುವ ದಿನಗಳು) ಆಚರಿಸುವಾಗ ಕ್ಯಾಟಕಿಸಂ (ಧರ್ಮಬೋಧನೆ) ತರಗತಿಯ ಮಕ್ಕಳನ್ನು ಹಕ್ಕಿ ನೋಡಲು ಕರೆದುಕೊಂಡು ಹೋಗಬೇಕು, ಏನೇನು ತಯಾರಿ ಬೇಕು ಅಂತ ಕೇಳಿದ್ದೀಯ. ಕಾಲವನ್ನಂತೂ ಸರಿಯಾಗಿಯೇ ಆರಿಸಿದ್ದೀಯ. ತುಂಗಾ ನದಿಯ ಮಂಡಗದ್ದೆಯ ನಡುಗಡ್ಡೆಯಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ, ಜುಲೈಯಿಂದ ಅಕ್ಟೋಬರ್ ಒಳಗೆ. ಕ್ರಿಸ್‌ಮಸ್ ರಜೆಯಲ್ಲಿ ಹೋದವರು ಖಾಲಿ ಮರ ನೋಡಿ "ಇಲ್ಲೇನಿದೆ ಮಣ್ಣು" ಅಂತ ಗೊಣಗುತ್ತಾ ವಾಪಸಾಗುತ್ತಾರೆ. ನೀನು ಸೆಪ್ಟೆಂಬರ್ 8ರ ಮೊಂತಿ ಹಬ್ಬ (ಮರಿಯಮ್ಮನವರ ಜನ್ಮದಿನದ ಹಬ್ಬ) ಮುಗಿದ ಮೇಲಿನ ಶನಿವಾರ ಇಟ್ಟುಕೋ. ಗೂಡುಗಳಲ್ಲಿ ಮರಿಗಳಿರುತ್ತವೆ, ಮಳೆಯೂ ನಡುನಡುವೆ ಬಿಡುವು ಕೊಡುತ್ತದೆ. ಭಾನುವಾರ ಮಾತ್ರ ಬೇಡ. ಹಕ್ಕಿಗಳ ಓಡಾಟ ಜೋರಾಗಿರುವುದು ಬೆಳಿಗ್ಗೆ ಆರರಿಂದ ಎಂಟೂವರೆ. ಪೂಜೆ ತಪ್ಪಿಸಿ ಬಂದು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯವನ್ನು ಸಾಕ್ಷಿಗೆ ಕರೆದರೆ ಫಾದರ್ ಒಪ್ಪುವವರಲ್ಲ.

ಆ ಅಧ್ಯಾಯದ ಬಗ್ಗೆಯೇ ಮೊದಲು ಹೇಳಿಬಿಡುತ್ತೇನೆ. ಹಕ್ಕಿಗಳು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಕಣಜ ತುಂಬುವುದಿಲ್ಲ, ಆದರೂ ಪರಲೋಕದ ತಂದೆ ಅವುಗಳನ್ನು ಸಾಕುತ್ತಾನೆ. ಇದನ್ನು ಪ್ರಸಂಗದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕೇಳಿ, ಚಿಂತೆ ಬಿಡಬೇಕು ಅಂದುಕೊಂಡು ಮನೆಗೆ ಹೋಗುತ್ತೇವೆ. ಯೇಸುಸ್ವಾಮಿ ಮೊದಲು ಹೇಳಿದ್ದು ಹಕ್ಕಿಗಳನ್ನು ನೋಡಿ ಅಂತ. ಆ ಕೆಲಸವನ್ನು ಮಾಡಿದವರು ಕಡಿಮೆ. ಒಂದು ಗಂಟೆ ಒಂದೇ ಗೂಡಿನ ಮೇಲೆ ಕಣ್ಣಿಟ್ಟವನಿಗೆ ಆ ಸಾಕುವಿಕೆ ಹೇಗೆ ನಡೆಯುತ್ತದೆ ಅನ್ನುವುದು ಕಾಣುತ್ತದೆ. ಬೆಳ್ಳಕ್ಕಿ ಮೂರು-ನಾಲ್ಕು ಮೊಟ್ಟೆ ಇಡುತ್ತದೆ. ಎಲ್ಲ ಮೊಟ್ಟೆ ಇಟ್ಟು ಮುಗಿಯುವ ತನಕ ಕಾಯದೆ ಮೊದಲೇ ಕಾವಿಗೆ ಕೂರುವುದರಿಂದ, ಮೂರು ವಾರ ದಾಟಿದ ಮೇಲೆ ಮರಿಗಳು ಒಂದೊಂದು ದಿನದ ಅಂತರದಲ್ಲಿ ಹೊರಬರುತ್ತವೆ. ಮೊದಲು ಬಂದದ್ದು ಕೊಬ್ಬಿರುತ್ತದೆ, ಕೊನೆಯದು ಸೊರಗಿರುತ್ತದೆ. ಮೀನು-ಕಪ್ಪೆ ಸಮೃದ್ಧವಾಗಿದ್ದರೆ ಎಲ್ಲವೂ ಬದುಕುತ್ತವೆ. ಸಾಲದೆ ಹೋದರೆ ದೊಡ್ಡದು ಚಿಕ್ಕದನ್ನು ಕುಕ್ಕಿ ಮೂಲೆಗೊತ್ತುತ್ತದೆ, ಚಿಕ್ಕದು ಸಾಯುತ್ತದೆ ಇಲ್ಲವೇ ಕೆಳಗೆ ಬೀಳುತ್ತದೆ.

ಮಕ್ಕಳು ಇದನ್ನು ಕಂಡೇ ಕಾಣುತ್ತಾರೆ, ಅಲ್ಲೇ ಕೇಳುತ್ತಾರೆ: "ಸರ್, ದೇವರು ಆ ಮರೀನ ಯಾಕೆ ಸಾಕಲಿಲ್ಲ?" ಅದನ್ನು ಹಾರಿಸಿಬಿಡಬೇಡ. ಮತ್ತಾಯನ ಹತ್ತನೆಯ ಅಧ್ಯಾಯದಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ ಮಾರುವ ಮಾತಿದೆ. ತಂದೆಯನ್ನು ಬಿಟ್ಟು ಅವುಗಳಲ್ಲಿ ಒಂದೂ ನೆಲಕ್ಕೆ ಬೀಳದು ಅಂತ ಅಲ್ಲಿ ಹೇಳಿದೆಯೇ ಹೊರತು ಗುಬ್ಬಿ ಬೀಳುವುದೇ ಇಲ್ಲ ಅಂತ ಹೇಳಿಲ್ಲ. ಲೂಕನಲ್ಲಿ ಲೆಕ್ಕ ಎರಡು ಕಾಸಿಗೆ ಐದು ಗುಬ್ಬಿ. ಐದನೆಯದು ಕೊಸರಿಗೆ ಬಂದದ್ದು, ಬೆಲೆಯೇ ಇಲ್ಲದ್ದು. ಅದೂ ದೇವರಿಗೆ ಮರೆತುಹೋಗಿಲ್ಲ. ಬಿದ್ದ ಮರಿಯನ್ನು ನೋಡಿದ ಮಕ್ಕಳಿಗೆ ಸುಲಭದ ಸಮಾಧಾನ ಸಾಲದು, ಈ ವಚನದ ಎದುರಿಗೇ ಅವರನ್ನು ಕೂರಿಸಬೇಕು. ನೀನು ಹೋಗುವ ಮುಂಚಿನ ತರಗತಿಯಲ್ಲೇ ಎರಡೂ ಅಧ್ಯಾಯಗಳನ್ನು ಒಟ್ಟಿಗೆ ಓದಿಸು. ಆರನೆಯದನ್ನು ಮಾತ್ರ ಓದಿಸಿದರೆ ಮಂಡಗದ್ದೆಯಲ್ಲಿ ಮಾತು ಸಿಗದೆ ಒದ್ದಾಡುತ್ತೀಯ.

ಇನ್ನು ಜಾಗದ ವಿಚಾರ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ತುಂಗೆಯ ನಡುವಿನ ಆ ಗಡ್ಡೆ ರಸ್ತೆಯಿಂದಲೇ ಕಾಣುತ್ತದೆ, ನೋಡಲು ವೀಕ್ಷಣಾ ಗೋಪುರವಿದೆ. ಗೋಪುರದ ಮೇಲೆ ಎಂಟು-ಹತ್ತು ಮಕ್ಕಳಿಗಿಂತ ಹೆಚ್ಚು ಹತ್ತಿಸಬೇಡ. ಒಬ್ಬ ಓಡಿದರೂ ಮೇಲಿನವರ ಬೈನಾಕ್ಯುಲರ್ ನಡುಗುತ್ತದೆ, ಏನೂ ಕಾಣುವುದಿಲ್ಲ. ಉಳಿದವರನ್ನು ರಸ್ತೆ ಬದಿಗೆ ಬಿಡಬೇಡ, ಬಸ್ಸು-ಲಾರಿ ವೇಗವಾಗಿ ಬರುವ ಹೆದ್ದಾರಿ ಅದು. ಹೊಳೆ ದಡಕ್ಕೆ ಇಳಿಸುವುದಂತೂ ಬೇಡವೇ ಬೇಡ, ಪಾಚಿ ಕಟ್ಟಿದ ಕಲ್ಲು.

ಅಲ್ಲಿ ಕಾಣುವುದರಲ್ಲಿ ಬೆಳ್ಳಕ್ಕಿಗಳೇ ಹೆಚ್ಚು, ಗೊಂದಲವೂ ಅವುಗಳಲ್ಲೇ. ಪುಸ್ತಕ ನೋಡಿ ಕಲಿತವರು "ಕೊಕ್ಕು ಕಪ್ಪಾದರೆ ಸಣ್ಣ ಬೆಳ್ಳಕ್ಕಿ, ಹಳದಿಯಾದರೆ ಮಧ್ಯಮ" ಅಂದುಬಿಡುತ್ತಾರೆ. ಗೂಡಿನ ಕಾಲದಲ್ಲಿ ಈ ಸೂತ್ರ ಕೈಕೊಡುತ್ತದೆ, ಯಾಕೆಂದರೆ ಮಧ್ಯಮ ಬೆಳ್ಳಕ್ಕಿಯ ಕೊಕ್ಕೂ ಆಗ ಕಪ್ಪಾಗುತ್ತದೆ. ಹಾಗಾಗಿ ಗರಿ ನೋಡಬೇಕು. ನೆತ್ತಿಯ ಹಿಂದೆ ಜಡೆಯಂತೆ ಎರಡು ಉದ್ದ ಗರಿ ಇಳಿಬಿದ್ದಿದ್ದರೆ ಅದು ಸಣ್ಣ ಬೆಳ್ಳಕ್ಕಿ. ನೆತ್ತಿಯಲ್ಲಿ ಇಲ್ಲ, ಎದೆ ಮತ್ತು ಬೆನ್ನಿನಲ್ಲಿ ಎಳೆಎಳೆಯಾದ ಗರಿಗಳಿವೆ ಅಂದರೆ ಮಧ್ಯಮ. ಬೆನ್ನಿನಲ್ಲಿ ಮಾತ್ರ ಇದ್ದರೆ ದೊಡ್ಡ ಬೆಳ್ಳಕ್ಕಿ. ಅದರ ಬಾಯಿಯ ಗೆರೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ, ಮಧ್ಯಮದ್ದು ಕಣ್ಣಿನ ಕೆಳಗೇ ನಿಲ್ಲುತ್ತದೆ. ಇನ್ನೂ ಅನುಮಾನವಿದ್ದರೆ ಹಾರುವ ತನಕ ಕಾಯಿ. ಹಾರುವಾಗ ಕಾಲು ಹಿಂದಕ್ಕೆ ಚಾಚುತ್ತವೆ, ಸಣ್ಣ ಬೆಳ್ಳಕ್ಕಿಯ ಕಪ್ಪು ಕಾಲಿನ ತುದಿಯಲ್ಲಿ ಹಳದಿ ಬೆರಳು ಎದ್ದು ಕಾಣುತ್ತದೆ. ನೀರುಕಾಗೆಗೂ ಹಾವಕ್ಕಿಗೂ ವ್ಯತ್ಯಾಸ ಸುಲಭ: ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆಯಾಗಿ ಬಾಗಿರುತ್ತದೆ, ಹಾವಕ್ಕಿಯದು ನೇರವಾದ ಭರ್ಜಿ. ಹಾವಕ್ಕಿ ಈಜುವಾಗ ಮೈ ಮುಳುಗಿ ಕತ್ತು ಮಾತ್ರ ಮೇಲಿರುತ್ತದೆ. ಎರಡರ ಗರಿಯೂ ನೀರು ಹೀರುತ್ತದೆ, ಅದಕ್ಕೇ ರೆಕ್ಕೆ ಬಿಚ್ಚಿ ಬಿಸಿಲಿಗೆ ಕೂರುವುದು.

ಬೈನಾಕ್ಯುಲರ್ ಕೊಳ್ಳುವುದಾದರೆ 8x42 ಕೊಳ್ಳು, ಅಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು. 42ನ್ನು 8ರಿಂದ ಭಾಗಿಸಿದರೆ ಐದೂಕಾಲು ಮಿಲಿಮೀಟರ್. ಕಣ್ಣಿಗೆ ತಲುಪುವ ಬೆಳಕಿನ ವೃತ್ತದ ಅಗಲ ಅದು. ಜೇಬಿಗೆ ಹಿಡಿಸುವ 8x25ರಲ್ಲಿ ಅದು ಮೂರು ಮಿ.ಮೀ. ಚಿಲ್ಲರೆ. ಬಯಲಿನಲ್ಲಿ ಪರವಾಗಿಲ್ಲ, ಮೋಡ ಮುಸುಕಿದ ಮಲೆನಾಡಿನಲ್ಲಿ ಹಕ್ಕಿಯ ಬದಲು ಅದರ ಕಪ್ಪು ನೆರಳು ಮಾತ್ರ ಕಾಣುತ್ತದೆ. ಹೊಂದಿಸುವುದನ್ನು ಪ್ರತಿ ಮಗುವಿಗೂ ಕಲಿಸು: ಎರಡು ಕೊಳವೆಗಳನ್ನು ಕಣ್ಣಿನ ಅಂತರಕ್ಕೆ ಬಾಗಿಸಿ ಒಂದೇ ವೃತ್ತ ಕಾಣುವಂತೆ ಮಾಡಬೇಕು; ಬಲಗಡೆ ಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಬೇಕು; ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರವನ್ನಷ್ಟೇ ತಿರುಗಿಸಬೇಕು. ಕನ್ನಡಕ ಹಾಕಿದವರು ಕಣ್ಣಿಗೊತ್ತುವ ರಬ್ಬರ್ ಕಪ್ಪನ್ನು ಹಿಂದಕ್ಕೆ ಮಡಚಲಿ. ಮಕ್ಕಳು ಮಾಡುವ ದೊಡ್ಡ ತಪ್ಪೆಂದರೆ ಬೈನಾಕ್ಯುಲರ್ ಕಣ್ಣಿಗೊತ್ತಿಕೊಂಡು ಆಕಾಶವೆಲ್ಲ ಹುಡುಕುವುದು. ಬರಿಗಣ್ಣಿನಲ್ಲಿ ಹಕ್ಕಿಯನ್ನು ಹಿಡಿದು, ನೋಟ ಕದಲಿಸದೆ, ಉಪಕರಣವನ್ನು ಕಣ್ಣಿನ ಬಳಿಗೆ ತರಬೇಕು.

ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯುತ್ತದೆ, ಬಲೆಯಂತೆ ಹರಡಿ ಕೊನೆಗೆ ಲೇಪವನ್ನೇ ತಿನ್ನುತ್ತದೆ. ಬೈನಾಕ್ಯುಲರನ್ನು ಅದರ ಜೊತೆ ಬಂದ ಚೀಲದಲ್ಲಿಟ್ಟು ಬೀರುವಿಗೆ ಸೇರಿಸಿದರೆ ಕಥೆ ಮುಗಿಯಿತು. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡು. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ತುಂಬಿದೆ ಅಂತ ಅರ್ಥ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನೀಲಿ ತಿರುಗುವ ತನಕ ಬಿಸಿ ಮಾಡಿ ಮತ್ತೆ ಬಳಸಬಹುದು. ನೀಲಿ ಬಣ್ಣದ ಆ ರಾಸಾಯನಿಕ ವಿಷ, ಮಕ್ಕಳ ಕೈಗೆ ಕೊಡಬೇಡ.

ಗೂಡಿನ ವಿಷಯದಲ್ಲಿ ಬೈಬಲಿನ ಧರ್ಮೋಪದೇಶಕಾಂಡ 22ನೆಯ ಅಧ್ಯಾಯದಲ್ಲಿ ಒಂದು ನಿಯಮವಿದೆ. ದಾರಿಯಲ್ಲಿ ಗೂಡು ಸಿಕ್ಕಿ ತಾಯಿಹಕ್ಕಿ ಮೊಟ್ಟೆ-ಮರಿಗಳ ಮೇಲೆ ಕೂತಿದ್ದರೆ ತಾಯಿಯನ್ನು ಹಿಡಿಯಕೂಡದು, ಬಿಟ್ಟುಬಿಡಬೇಕು. ಮರಿ ತೆಗೆದುಕೊಳ್ಳಲು ಅಲ್ಲಿ ಅನುಮತಿ ಇತ್ತು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನೂ ಕೊಡುವುದಿಲ್ಲ. ತಾಯಿ ಉಳಿದರೆ ಮುಂದಿನ ವರ್ಷ ಗೂಡು ಉಂಟು ಅನ್ನುವ ವಿವೇಕ ಆ ಹಳೆಯ ನಿಯಮದಲ್ಲಿದೆ. ಈಗ ಗೂಡಿಗೆ ಕೈ ಹಾಕುವವರಿಗಿಂತ ಕ್ಯಾಮೆರಾ ಹಾಕುವವರ ಕಾಟ ಜಾಸ್ತಿ. ಮಂಗಟ್ಟೆಯನ್ನೇ (ಹಾರ್ನ್‌ಬಿಲ್) ತಗೋ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಮೆತ್ತಿ ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಅದಕ್ಕೂ ಮರಿಗೂ ಅನ್ನ ಅಂದರೆ ಗಂಡು ತರುವ ಅತ್ತಿ, ಗೋಣಿ, ರಾಮಪತ್ರೆ ಹಣ್ಣು. ಮರದ ಕೆಳಗೆ ನಾಲ್ಕು ಜನ ಕ್ಯಾಮೆರಾ ಹಿಡಿದು ಕೂತರೆ ಗಂಡು ದೂರದಲ್ಲೇ ಸುತ್ತುತ್ತದೆ, ಒಳಗಿನವು ಉಪವಾಸ. ಹಕ್ಕಿ ಕೂಗಿ ಎಚ್ಚರಿಸಿದರೆ, ಬಾಯಲ್ಲಿ ಆಹಾರ ಹಿಡಿದು ಗೂಡಿಗೆ ಹೋಗದೆ ನಿಂತರೆ, ನೀನು ಅತಿ ಹತ್ತಿರ ಬಂದಿದ್ದೀಯ, ಹಿಂದೆ ಸರಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದನ್ನೂ ಮಕ್ಕಳಿಗೆ ಕಲಿಸಬೇಡ. ತನ್ನ ಜಾಗಕ್ಕೆ ಎದುರಾಳಿ ಬಂದ ಅಂತ ಅದು ಮರಿ ಬಿಟ್ಟು ಜಗಳಕ್ಕೆ ಬರುತ್ತದೆ.

ಯೆರೆಮೀಯನ ಎಂಟನೆಯ ಅಧ್ಯಾಯದಲ್ಲಿ ಆಕಾಶದ ಹಕ್ಕಿಗಳು ತಮ್ಮ ಕಾಲವನ್ನು ತಿಳಿದಿವೆ, ಜನರಿಗೆ ತಿಳಿಯದು ಅನ್ನುವ ಮಾತಿದೆಯಲ್ಲ, ಅಲ್ಲಿನ ಬಿಳಿ ಕೊಕ್ಕರೆ ಯುರೋಪಿನಿಂದ ಆಫ್ರಿಕಾಕ್ಕೆ ಹೋಗುವಾಗಲೂ ಬರುವಾಗಲೂ ಯೊರ್ದಾನ್ ಕಣಿವೆಯ ಮೇಲೆ ಹಾಯುವ ಹಕ್ಕಿ. ಅದನ್ನು ಮಂಡಗದ್ದೆಯಲ್ಲಿ ಹುಡುಕಬೇಡ. ಅದೇ ಪಾಠಕ್ಕೆ ನಮ್ಮಲ್ಲೇ ಒಂದು ಹಕ್ಕಿಯಿದೆ: ಬೂದು ಬೆನ್ನಿನ, ಹಳದಿ ಹೊಟ್ಟೆಯ ಕುಂಡೆಕುಸ್ಕ. ಸೆಪ್ಟೆಂಬರ್ ಹೊತ್ತಿಗೆ ಹಿಮಾಲಯದ ಕಡೆಯಿಂದ ಬಂದು ನಮ್ಮ ಹಳ್ಳ, ಮೋರಿ, ತೋಟದ ಬಸಿಗಾಲುವೆಗಳಲ್ಲಿ ಬಾಲ ಕುಣಿಸುತ್ತಾ ಓಡಾಡುತ್ತದೆ, ಬೇಸಿಗೆ ಬಲಿಯುವಾಗ ಹೊರಟುಹೋಗುತ್ತದೆ. ಹೆಸರು ಕೇಳಿ ಮಕ್ಕಳು ನಗುತ್ತಾರೆ, ನಗಲಿ, ಮರೆಯುವುದಿಲ್ಲ. ಮೊದಲು ಕಂಡ ತಾರೀಖನ್ನು ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಪ್ರತಿ ವರ್ಷ ಬರೆಸು.

ಪಟ್ಟಿ ಬರೆಯುವುದಕ್ಕೆ ಹದಿನೈದು ನಿಮಿಷದ ಅವಧಿ ಸಾಕು. ಆ ಹೊತ್ತಿನಲ್ಲಿ ಕಂಡದ್ದು, ಗುರುತಿಸಬಲ್ಲ ದನಿ ಕೇಳಿದ್ದು, ಎಲ್ಲವನ್ನೂ ಬರೆಯಬೇಕು, ಕಾಗೆ ಬಿಡಬಾರದು. ಹಕ್ಕಿಪಟ್ಟಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಹಾಕುವುದಾದರೆ ಹೀಗೆ ಪೂರ್ತಿ ಬರೆದ ಪಟ್ಟಿಗೇ ಬೆಲೆ. ಬೆಳ್ಳಕ್ಕಿಗಳನ್ನು ಒಂದೊಂದಾಗಿ ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ, ಹತ್ತನ್ನು ಎಣಿಸಿ ಅಷ್ಟು ಜಾಗ ಎಷ್ಟಾಗುತ್ತದೆ ನೋಡಿಕೊಂಡು, ಉಳಿದ ಮರವನ್ನು ಹತ್ತು ಹತ್ತಾಗಿ ಅಳೆಯಲಿ.

ಚರ್ಚಿನ ಕಾಂಪೌಂಡಿನಲ್ಲಿ ಗಿಡ ನೆಡುವ ಮಾತನ್ನೂ ಎತ್ತಿದ್ದೀಯ. ಗಾಳಿಮರ, ಅಕೇಶಿಯಾ ಬೇಡ. ಬೇಗ ಬೆಳೆಯುತ್ತವೆ ನಿಜ, ಹಣ್ಣು ತಿನ್ನುವ ಹಕ್ಕಿಗೆ ಅಲ್ಲಿ ಏನೂ ಸಿಗುವುದಿಲ್ಲ. ಗಸಗಸೆ ಹಣ್ಣಿನ ಮರ ಹೊರಗಿನದಾದರೂ ಬದನಿಕೆ ಹಕ್ಕಿ, ಕುಟ್ರು, ಪಿಕಳಾರ ಮುತ್ತುತ್ತವೆ, ಇದ್ದರೆ ಕಡಿಯಬೇಡ, ಹೊಸದಾಗಿ ನೆಡುವ ಜಾಗವನ್ನು ಮಾತ್ರ ನಮ್ಮ ನೆಲದ ಮರಕ್ಕೆ ಇಡು. ನನ್ನ ಮೊದಲ ಆಯ್ಕೆ ಅತ್ತಿ. ಮಿಕ್ಕ ಮರಗಳಲ್ಲಿ ಹಣ್ಣಿಲ್ಲದ ತಿಂಗಳಲ್ಲೂ ಯಾವುದಾದರೊಂದು ಅತ್ತಿಯಲ್ಲಿ ಹಣ್ಣಿರುತ್ತದೆ. ಗೋಡೆಯಿಂದ ಮೂವತ್ತು ಅಡಿ ದೂರ ಇರಲಿ, ಇಲ್ಲದಿದ್ದರೆ ಬೇರು ಅಡಿಪಾಯಕ್ಕೆ ನುಗ್ಗಿ ಬಿಲ್ಡಿಂಗ್ ಕಮಿಟಿ ನಿನ್ನ ಮೇಲೆ ಬೀಳುತ್ತದೆ. ಜೂನ್ ಮೊದಲ ಮಳೆಗೆ ಎರಡಡಿ ಉದ್ದ, ಅಗಲ, ಆಳದ ಗುಂಡಿ. ಬೇಲಿ ಸಾಲಿಗೆ ಹಾಲುವಾಣದ ಐದಡಿ ಗೂಟ ಊರಿದರೆ ಸಾಕು, ಚಿಗುರುತ್ತದೆ, ಬೇಸಿಗೆಯಲ್ಲಿ ಅದರ ಕೆಂಪು ಹೂವಿಗೆ ಸೂರಕ್ಕಿ, ಕಾಜಾಣ ಎಲ್ಲ ಬರುತ್ತವೆ. ಸಸಿ ಸಾಯುವುದು ಮಳೆಗಾಲದಲ್ಲಲ್ಲ, ಎಲ್ಲರೂ ಮರೆತ ಫೆಬ್ರವರಿಯಲ್ಲಿ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಒಂದು ಬಿಂದಿಗೆ ನೀರು ಯಾರ ಪಾಲು ಅನ್ನುವುದನ್ನು ನೆಡುವ ದಿನವೇ ಹೆಸರು ಬರೆದು ಹಂಚು.

ಮತ್ತೊಂದು, ವಾರ್ಷಿಕ ಹಬ್ಬಕ್ಕೆ ಸುಣ್ಣಬಣ್ಣ ಹೊಡೆಸುವ ಮುಂಚೆ ಸೂರಿನಡಿ ಬಾನಾಡಿಗಳ ಗೂಡಿದೆಯಾ ನೋಡಿಸು. ಮರಿಗಳ ದನಿ ಕೇಳಿದರೆ ಆ ಮೂಲೆಯನ್ನು ಕೊನೆಗೆ ಬಿಡಲು ಪೇಂಟರ್‌ಗೆ ಹೇಳಿದರಾಯಿತು. ಗುಬ್ಬಿಗೂ ಬಾನಕ್ಕಿಗೂ ಬಲಿಪೀಠದ ಬಳಿ ಗೂಡು ಸಿಕ್ಕಿತು ಅಂತ 84ನೆಯ ಕೀರ್ತನೆ ಹಾಡುವವರು ನಾವು, ಕೆರೆಯುವ ಉಳಿ ಹಿಡಿದು ಅವನ್ನು ಕಿತ್ತರೆ ಚೆನ್ನಾಗಿರುವುದಿಲ್ಲ.

ಶನಿವಾರಕ್ಕೆ ಮಕ್ಕಳಿಗೆ ಹೇಳಬೇಕಾದ್ದು: ಹಸಿರು ಇಲ್ಲವೇ ಕಂದು ಬಟ್ಟೆ, ಸರಬರ ಸದ್ದು ಮಾಡುವ ಪ್ಲಾಸ್ಟಿಕ್ ಕೋಟಿನ ಬದಲು ಬಟ್ಟೆಯ ರೇನ್‌ಕೋಟು, ಪೆನ್ನಲ್ಲ ಪೆನ್ಸಿಲ್ಲು, ಮಳೆಗೆ ಶಾಯಿ ಇಳಿದುಹೋಗುತ್ತದೆ. ಗೋಪುರದ ಬಳಿ ಉಂಬಳದ (ಜಿಗಣೆಯ) ಭಯ ಅಷ್ಟಿಲ್ಲ, ಕಾಡಂಚಿಗೆ ಹೋಗುವುದಾದರೆ ಉಪ್ಪಿನ ಗಂಟು ಜೇಬಿನಲ್ಲಿರಲಿ. ಆಗುಂಬೆ ಈ ಸಲ ಬೇಡ ಮಾರಾಯ, ಆ ಮಳೆಯಲ್ಲಿ ಹಕ್ಕಿಯೂ ಕಾಣುವುದಿಲ್ಲ, ಮಕ್ಕಳೂ ಜ್ವರ ಬಂದು ಮಲಗುತ್ತಾರೆ. ಎಷ್ಟು ಮಕ್ಕಳು, ಎಷ್ಟು ಬೈನಾಕ್ಯುಲರ್ ಅನ್ನುವುದನ್ನು ಬರೆದು ಕಳಿಸು. ಮೂವರಿಗೆ ಒಂದಾದರೂ ಇಲ್ಲದಿದ್ದರೆ ಎರಡು ತಂಡ ಮಾಡಿ ಎರಡು ಶನಿವಾರ ಕರೆದುಕೊಂಡು ಹೋಗು.

ಇಂತಿ ನಿನ್ನ ಗೆಳೆಯ