ಬೀಗ ತೆಗೆದವರಿಗೆ, ಪಾತ್ರೆ ಕೊಟ್ಟವರಿಗೆ

ಕೋಲಾರದ ನಮ್ಮ ಕ್ರೈಸ್ತ ಸಭೆಗಳು, ಅಂದರೆ ಬೇರೆ ಬೇರೆ ಪಂಗಡಗಳ ಚರ್ಚುಗಳು, ಕೂಡಿ ಆರಂಭಿಸಿದ ಗುರುವಾರದ ಊಟದ ಸೇವೆಗೆ ಐದು ವರ್ಷ ತುಂಬಿದೆ. ಮೊದಲ ದಿನದಿಂದ ಅದರ ಲೆಕ್ಕ ಬರೆಯುತ್ತಾ ಬಂದವನಾದ ನಾನು, ಲೆಕ್ಕದ ಪುಸ್ತಕಕ್ಕೆ ಹತ್ತದ ಕೆಲವು ಋಣಗಳನ್ನು ಇಲ್ಲಿ ಸ್ಮರಿಸಲು ಬಯಸುತ್ತೇನೆ.

2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯವೆಲ್ಲ ಲಾಕ್‌ಡೌನ್ ಆದಾಗ ನಮಗೆ ಮೊದಲು ಎದುರಾದದ್ದು ಅನ್ನದ ಚಿಂತೆಯಲ್ಲ, ಮಣ್ಣಿನ ಚಿಂತೆ. ಹಳೆಯ ಸಭೆಗಳಿಗೆ ಮಿಷನರಿಗಳ ಕಾಲದಿಂದ ಬಂದ ಸಮಾಧಿ ಸ್ಥಳಗಳಿವೆ. ಬಾಡಿಗೆ ಹಾಲ್‌ನಲ್ಲಿ ಆರಾಧನೆ ನಡೆಸುವ ಸಣ್ಣ ಪೆಂಟೆಕೋಸ್ತ್ ಸಭೆಗಳಿಗೆ ಆ ಭಾಗ್ಯವಿಲ್ಲ. ಅಂಥ ಸಭೆಯ ಹಿರಿಯರೊಬ್ಬರು ತೀರಿಕೊಂಡ ಮಧ್ಯಾಹ್ನ, ಬೇರೊಂದು ಸಭೆಯ ಪಾಲಕರು (ಪಾಸ್ಟರ್) ಕಮಿಟಿ ಕರೆಯುವಷ್ಟು ಸಮಯವಿಲ್ಲವೆಂದು ತಾವೇ ಹೊಣೆ ಹೊತ್ತು ತಮ್ಮ ಸಮಾಧಿ ಸ್ಥಳದ ಬೀಗ ತೆಗೆಸಿದರು. ಸದಸ್ಯತ್ವದ ಮಾತನ್ನು ಅವರು ಎತ್ತಲಿಲ್ಲ. ಗುಂಡಿ ತೋಡಿದವರು ಕಥೋಲಿಕ ಹುಡುಗರು. ಬೇಸಿಗೆಯ ನೆಲಕ್ಕೆ ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಪಿಪಿಇ ಕಿಟ್‌ನೊಳಗೆ ಬೆವರು ಹರಿದು ಕನ್ನಡಕಗಳೆಲ್ಲ ಮಸುಕಾಗಿ, ಹಗ್ಗ ಹಿಡಿದ ನಾಲ್ವರಲ್ಲಿ ಯಾರು ಯಾವ ಸಭೆಯವರೆಂದು ಹತ್ತಿರ ನಿಂತ ನನಗೇ ಗುರುತು ಸಿಗಲಿಲ್ಲ. ತೆಲುಗಿನಲ್ಲಿ ಒಂದು ಹಾಡು, ಕನ್ನಡದಲ್ಲಿ ಪ್ರಾರ್ಥನೆ. ಅಷ್ಟರಲ್ಲಿ ಮುಗಿಯಿತು.

ಆ ಬೀಗ ಸಲೀಸಾಗಿ ತೆರೆದದ್ದಲ್ಲ, ಸಭೆಗಳ ನಡುವಿನ ಗೋಡೆ ಹಳೆಯದು ಎಂಬುದನ್ನು ಊರಿನ ಕ್ರೈಸ್ತರು ಬಲ್ಲರು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ವೆಸ್ಲಿಯನ್ (ಬ್ರಿಟಿಷ್ ಮೆಥೋಡಿಸ್ಟ್ ಮಿಷನ್ನಿನ) ಮುಂತಾದ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಹುಟ್ಟಿದಾಗ ತುಮಕೂರಿನ ವೆಸ್ಲಿಯನ್ ಸಭೆ ಅದರೊಳಗೆ ಸೇರಿತು. ಅಮೆರಿಕನ್ ಮಿಷನ್ನಿನಿಂದ ಬೆಳೆದ ಕೋಲಾರದ ಮೆಥೋಡಿಸ್ಟರು ಹೊರಗೇ ಉಳಿದರು. ವೆಸ್ಲಿಯನ್ನರೂ ಮೆಥೋಡಿಸ್ಟರೇ ಅಲ್ಲವೇ ಎಂದು ಸಂಡೇ ಸ್ಕೂಲಿನ ಮಕ್ಕಳು ಕೇಳಿದಾಗಲೆಲ್ಲ ನಾನು ತಡವರಿಸಿದ್ದೇನೆ. ಸೇವೆಯಲ್ಲಿ ಯಾವ ಸಭೆಯೂ ಹಿಂದೆ ಬಿದ್ದಿರಲಿಲ್ಲ. 1910ರಲ್ಲಿ ಆರಂಭವಾದ ಮೆಥೋಡಿಸ್ಟರ ಇ.ಟಿ.ಸಿ.ಎಂ. ಆಸ್ಪತ್ರೆಯನ್ನು ಅರಿಯದ ಮನೆ ಈ ಊರಿನಲ್ಲಿ ವಿರಳ. ಆದರೆ ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕ ಬೋರ್ಡ್ ಇತ್ತು.

ಊಟದ ಸೇವೆ ಆರಂಭವಾದಾಗ ಜಗಳವಾದದ್ದೂ ಬೋರ್ಡಿನ ವಿಷಯಕ್ಕೇ. ರೋಗಿಗಳ ಜೊತೆ ಆಸ್ಪತ್ರೆಗೆ ಬಂದು, ಹೋಟೆಲುಗಳು ಮುಚ್ಚಿದ್ದರಿಂದ ಹಸಿದು ಕುಳಿತ ಹಳ್ಳಿಯವರಿಗೆ ಊಟ ಕೊಡುವ ಬ್ಯಾನರಿನಲ್ಲಿ ಯಾವ ಸಭೆಯ ಹೆಸರು ಮೇಲಿರಬೇಕೆಂಬುದರ ಮೇಲೆ ಎರಡು ಸಂಜೆಗಳನ್ನು ಕಳೆದೆವೆಂದು ಬರೆಯಲು ನಾಚಿಕೆಯಾಗುತ್ತದೆ. ಸ್ತ್ರೀ ಸಮಾಜದ ಹಿರಿಯ ತಾಯಿಯೊಬ್ಬರು, "ಮುದ್ದೆ ಆರೋಗ್ತದಪ್ಪ, ಬ್ಯಾನರ್ ಆಮೇಲೆ ಬರೀರಿ" ಎಂದು ಎದ್ದು ಹೋದರು. ಬ್ಯಾನರ್ ಇಂದಿಗೂ ಬರೆಸಿಲ್ಲ. ತಮ್ಮ ಹೆಸರು ಕಾಣದಿದ್ದರೂ ಕಾಣಿಕೆ ಕಳಿಸುತ್ತಲೇ ಬಂದ ಎಲ್ಲ ಸಭೆಗಳಿಗೆ ನನ್ನ ಮೊದಲ ವಂದನೆ ಸಲ್ಲಬೇಕಾದದ್ದು ಈ ಕಾರಣಕ್ಕೆ.

ಎಪಿಎಂಸಿ ಮಂಡಿಯಿಂದ ಟೊಮೆಟೊ ಕ್ರೇಟುಗಳನ್ನು ಉಚಿತವಾಗಿ ಕೊಟ್ಟ ವ್ಯಾಪಾರಿಗಳಿಗೆ, ನಮ್ಮ ಕ್ರಿಸ್‌ಮಸ್ ವಾರದಲ್ಲಿ ಅಡುಗೆಯ ಹೊಣೆ ಹೊತ್ತ ನೆರೆಯ ಮುಸ್ಲಿಂ ಯುವಕರಿಗೆ, ಪಾತ್ರೆ ತೊಳೆಯುವ ಜಾಗದಲ್ಲಿ ಸದ್ದಿಲ್ಲದೆ ಕೆಲಸ ಮಾಡಿದ ಸಿಸ್ಟರುಗಳಿಗೆ ನಾವು ಋಣಿಗಳು.

ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಒಂದೇ ಹಂಡೆಯಿಂದ ಊರಿಗೆ ಬಡಿಸುವ ನಾವು ಭಾನುವಾರ ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ, ಬೇರೆ ಬೇರೆ ಮೇಜುಗಳಿಗೆ ಹೋಗುತ್ತೇವೆ, ಅದರ ನೋವು ಗುರುವಾರ ಜೊತೆಯಲ್ಲಿ ಈರುಳ್ಳಿ ಹೆಚ್ಚಿದವರಿಗೆ ಹೆಚ್ಚು. ಆದರೂ ಅಂದು ಬೀಗ ತೆಗೆಸಿದ ಪಾಲಕರು ವರ್ಗವಾಗಿ ಹೋಗುವ ಮುನ್ನ, ಭೂಮಿಯಿಲ್ಲದ ಸಭೆಗಳವರಿಗೂ ಸಮಾಧಿ ಸ್ಥಳದಲ್ಲಿ ಒಂದು ಸಾಲನ್ನು ಕಮಿಟಿಯ ನಿರ್ಣಯದ ಮೂಲಕವೇ ಬಿಡಿಸಿಕೊಟ್ಟಿದ್ದಾರೆ. ಅಯ್ಯನವರೇ, ಆ ಸಾಲಿನ ಅಂಚಿನಲ್ಲಿ ನೀವು ನೆಟ್ಟ ಹೊಂಗೆ ಈಗ ನೆರಳು ಕೊಡುತ್ತಿದೆ.

ಕಡೆಯದಾಗಿ ಕಥೋಲಿಕ ಧರ್ಮಕೇಂದ್ರದ ಗುರುಗಳಲ್ಲಿ ಒಂದು ಅರಿಕೆ: ನೀವು ಹದಿನೈದು ದಿನಕ್ಕೆಂದು ಕೊಟ್ಟ ದೊಡ್ಡ ಹಂಡೆ ಐದು ವರ್ಷದಿಂದ ನಮ್ಮಲ್ಲೇ ಇದೆ. ಕಲಾಯಿ ಹಾಕಿಸಿದ್ದೇವೆ. ಮುಚ್ಚಳ ಮಾತ್ರ ಎಲ್ಲಿ ಹೋಯಿತೋ ತಿಳಿಯದು, ಹೊಸದಕ್ಕೆ ಹೇಳಿದ್ದೇವೆ.