ವಿದೇಶಾಂಗ ಸಚಿವರಿಗೆ ಒಂದು ಬಹಿರಂಗ ಪತ್ರ: ಶಾಲೆಗಳ ವಿಷಯದಲ್ಲಿ ನಾವೇಕೆ ಹೊರಗೆ ಉಳಿದಿದ್ದೇವೆ?

ಮಾನ್ಯ ಸಚಿವರೆ,

ಯುದ್ಧದ ವೇಳೆ ಶಾಲೆಗಳನ್ನು ಕಾಪಾಡುತ್ತೇವೆ ಎಂದು ದೇಶಗಳು ಮಾತು ಕೊಡುವ ‘ಸುರಕ್ಷಿತ ಶಾಲೆಗಳ ಘೋಷಣೆ’ಗೆ ಭಾರತ ಇನ್ನೂ ಸೇರಿಲ್ಲ. ಸೇರಿ ಎಂದು ಕೇಳಲು ಈ ಪತ್ರ. ಮೊದಲು ಒಂದು ಹಳೆಯ ಘಟನೆ.

ಮೊದಲ ಮಹಾಯುದ್ಧದ ಹೊತ್ತು, 1914ರ ಡಿಸೆಂಬರ್ 16ರ ಬೆಳಗ್ಗೆ ಇಂಗ್ಲೆಂಡಿನ ಕರಾವಳಿ ಊರು ಸ್ಕಾರ್ಬರೊ ಮೇಲೆ ಜರ್ಮನಿಯ ಯುದ್ಧನೌಕೆಗಳು ಶೆಲ್ ಸುರಿಸಿದವು. ಕ್ವೀನ್ ಮಾರ್ಗರೆಟ್ಸ್ ಎಂಬ ವಸತಿ ಶಾಲೆಯಲ್ಲಿ ಆಗಿನ್ನೂ ತಿಂಡಿಯ ಹೊತ್ತು. ಹುಡುಗಿಯರನ್ನು ಹೊರಡಿಸಿ, ಸಮುದ್ರಕ್ಕೆ ಬೆನ್ನು ಹಾಕಿ ಊರಾಚೆಗೆ ನಡೆಸಿಕೊಂಡು ಹೋದರು. ಊರಿನವರೂ ಓಡುತ್ತಿದ್ದರು. ಕೆಲವರು ರಾತ್ರಿ ಮಲಗಿದ್ದ ಬಟ್ಟೆಯಲ್ಲೇ, ಚಳಿಯಲ್ಲಿ. ಆ ದಿನ ಅಲ್ಲಿ ಸತ್ತವರಲ್ಲಿ 14 ತಿಂಗಳ ಕೂಸೂ ಇತ್ತು.

ಶಾಲೆ ಆಮೇಲೆ ಸ್ಕಾಟ್ಲೆಂಡಿನ ಪಿಟ್ಲಾಕ್ರಿಗೆ ಹೋಯಿತು. ಯುದ್ಧ ಮುಗಿಯುವ ತನಕ ಪಾಠ ಅಲ್ಲಿಯೇ. ಫೀಸು ಕಟ್ಟುವವರ ಶಾಲೆ, ಹಾಗಾಗಿ ಆಯಿತು ಅನ್ನಿ. ಸರ್ಕಾರ ಮಾಡಿದ್ದೇನು? ‘ಸ್ಕಾರ್ಬರೊ ನೆನಪಿರಲಿ’ ಅಂತ ಪೋಸ್ಟರ್ ಅಂಟಿಸಿ ಹುಡುಗರನ್ನು ಸೈನ್ಯಕ್ಕೆ ಕರೆಯಿತು. ಮಕ್ಕಳ ಸಾವು ಪೋಸ್ಟರಿಗೆ ಬೇಗ ಒದಗುತ್ತದೆ.

ಕಾವಲಿಲ್ಲದ ಊರಿನ ಮೇಲೆ ನೌಕಾಪಡೆ ದಾಳಿ ಮಾಡಬಾರದು ಎಂದು 1907ರಲ್ಲೇ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಆಗಿತ್ತು. ಜರ್ಮನಿಯೂ ಅದರಲ್ಲಿತ್ತು. ಹಾಗಾದರೆ ಸಹಿ ಹಾಕಿ ಏನುಪಯೋಗ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ.

ಆದರೆ 2015ರಲ್ಲಿ ನಾರ್ವೆಯ ಓಸ್ಲೋದಲ್ಲಿ ಶುರುವಾದ ‘ಸುರಕ್ಷಿತ ಶಾಲೆಗಳ ಘೋಷಣೆ’ ಬೇರೆ ಥರದ್ದು. ಅದು ಶತ್ರುವಿಗಿಂತ ಜಾಸ್ತಿ ನಮ್ಮ ಕೈಯನ್ನೇ ಕಟ್ಟುತ್ತದೆ. ನಮ್ಮ ಪಡೆಗಳು ಶಾಲೆಯಲ್ಲಿ ಬೀಡು ಬಿಡದಂತೆ ನೋಡಿಕೊಳ್ಳಬೇಕು, ಕದನದ ನಡುವೆಯೂ ಪಾಠ ನಿಲ್ಲದಂತೆ ಏರ್ಪಾಟು ಮಾಡಬೇಕು. ಶಾಲೆಯಲ್ಲಿ ಬಂದೂಕು ಇದ್ದರೆ ಅದು ಗುರಿಯಾಗುತ್ತದೆ ಅಲ್ವಾ? ಮಾವೋವಾದಿಗಳ ವಿರುದ್ಧ ಕಾರ್ಯಾಚರಣೆಗೆಂದು ಬೀಡುಬಿಟ್ಟಿದ್ದ ಛತ್ತೀಸಗಢದ ಶಾಲೆಗಳನ್ನು ಭದ್ರತಾ ಪಡೆಗಳು ಖಾಲಿ ಮಾಡಬೇಕೆಂದು ನಮ್ಮ ಸುಪ್ರೀಂ ಕೋರ್ಟೇ 2011ರಲ್ಲಿ ಹೇಳಿತ್ತು. ಕೋರ್ಟು ಹೇಳಿದ್ದನ್ನು ಜಗತ್ತಿನ ಮುಂದೆ ಹೇಳಲು ನಮಗೇನು ಅಡ್ಡಿ?

ಬ್ರಿಟನ್ 2018ರಲ್ಲಿ ಸೇರಿತು. ನಾವಿನ್ನೂ ಇಲ್ಲ. 2025ರ ಮೇ ತಿಂಗಳಲ್ಲಿ ಜಮ್ಮು-ಕಾಶ್ಮೀರದ ಪೂಂಛ್‌ನಲ್ಲಿ ಪಾಕಿಸ್ತಾನದ ಶೆಲ್‌ಗಳಿಗೆ ನಮ್ಮ ಶಾಲಾ ಮಕ್ಕಳೇ ಬಲಿಯಾದರು. ಅದನ್ನು ಅಂತರರಾಷ್ಟ್ರೀಯ ವೇದಿಕೆಯಲ್ಲಿ ಗಟ್ಟಿಯಾಗಿ ಎತ್ತಬೇಕಾದರೂ ನಾವು ಘೋಷಣೆಗೆ ಸೇರಿದ ದೇಶಗಳ ಪಟ್ಟಿಯಲ್ಲಿ ಇರುವುದು ಒಳ್ಳೆಯದು.

ಇದಕ್ಕೆ ಕಾನೂನು ತಿದ್ದುಪಡಿ ಬೇಡ, ಬಜೆಟ್ಟೂ ಬೇಡ. ರಕ್ಷಣಾ ಇಲಾಖೆಯ ಆಕ್ಷೇಪ ಇದ್ದರೆ ಅದೇನೆಂದು ಮುಂದಿನ ಅಧಿವೇಶನದಲ್ಲಿ ಸದನಕ್ಕೆ ತಿಳಿಸಿ. ಇಲ್ಲದಿದ್ದರೆ ಸೇರುವ ದಿನಾಂಕ ತಿಳಿಸಿ.

ಇಂತಿ,
ಕರಾವಳಿಯ ಒಬ್ಬ ಮತದಾರ